ಕರಣೆ ಯಾರ ಕೈಗೆ, ಬಾಂಡ್ಲಿ ಯಾರ ತಲೆಗೆ?

ಬೆಳಗಿನ ಏಳು ಗಂಟೆಗೆ ಬೆಂಗಳೂರಿನ ಹೊರವಲಯದ ಯಾವುದಾದರೂ ದೊಡ್ಡ ವೃತ್ತದ ಬಳಿ ಹೋಗಿ ನಿಂತು ನೋಡಿ. ಚಹಾದಂಗಡಿಯ ಸುತ್ತ, ಬಸ್ ನಿಲ್ದಾಣದ ಬದಿಯಲ್ಲಿ, ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ ನೂರಾರು ಮಂದಿ ಕೂಲಿಗಾಗಿ ಕಾದಿರುತ್ತಾರೆ. ಗಂಡಸರ ಹೆಗಲಿನಲ್ಲಿ ಹಳೆಯ ಚೀಲ. ಅದರೊಳಗೆ ಕರಣೆ, ತೂಗುಗುಂಡು, ರಸಮಟ್ಟ, ನೂಲುಂಡೆ. ಹೆಂಗಸರ ಕೈಯಲ್ಲಿ ಬುತ್ತಿಯ ಡಬ್ಬಿ ಮತ್ತು ಸಿಂಬಿ ಸುತ್ತಲು ಒಂದು ಹಳೆಯ ಬಟ್ಟೆ. ಕೆಲವರ ಕಂಕುಳಲ್ಲಿ ಕೂಸು. ಸ್ಕೂಟರಿನಲ್ಲಿ ಬಂದು ನಿಂತ ಕಂತ್ರಾಟುದಾರ ಇಳಿಯುವ ಗೋಜಿಗೂ ಹೋಗದೆ ಕೂಗುತ್ತಾನೆ: ಇಬ್ಬರು ಮೇಸ್ತ್ರಿ, ಒಬ್ಬ ಗಂಡಾಳು, ಮೂವರು ಹೆಣ್ಣಾಳು.

ಈ ಪಟ್ಟಿಯನ್ನು ಕೊಂಚ ಗಮನಿಸಬೇಕು. ಮೊದಲನೆಯದು ಕಸುಬಿನ ಹೆಸರು. ಉಳಿದೆರಡು ಕಸುಬಿನ ಹೆಸರುಗಳಲ್ಲ, ದೇಹದ ಹೆಸರುಗಳು. ಹೆಣ್ಣಾಳು ಎಂದರೆ ಯಾವ ಕೆಲಸ ಬಲ್ಲವಳು ಎಂದು ಯಾರೂ ಕೇಳುವುದಿಲ್ಲ. ಇಟ್ಟಿಗೆ, ಜಲ್ಲಿ, ಮರಳು, ಗಾರೆ, ನೀರು ಇವುಗಳನ್ನು ಹೊರುವವಳು ಎಂಬುದು ಆ ಪದದಲ್ಲೇ ಅಡಗಿದೆ. ಅವಳ ಕೂಲಿ ಇಷ್ಟು ಎಂಬುದೂ ಅದರಲ್ಲೇ ಇದೆ. ಮೇಸ್ತ್ರಿಗಿಂತ ಬಹಳ ಕಡಿಮೆ, ಗಂಡಾಳಿಗಿಂತಲೂ ಕಡಿಮೆ.

ಇದು ಪ್ರಕೃತಿ ಮಾಡಿದ ಹಂಚಿಕೆ ಎಂದು ಹಲವರು ನಂಬಿದ್ದಾರೆ. ಆದರೆ ಇತಿಹಾಸವನ್ನು ಸ್ವಲ್ಪ ಕೆದಕಿದರೂ ಸಾಕು, ಈ ನಂಬಿಕೆ ನಿಲ್ಲುವುದಿಲ್ಲ.

ಅಗೆಯುವವನು, ಹೊರುವವಳು

ನಮ್ಮ ನಾಡಿನ ಅತಿ ಹಳೆಯ ನಿರ್ಮಾಣ ಕಾಮಗಾರಿ ಎಂದರೆ ಕೆರೆ. ಬಯಲುಸೀಮೆಯ ಸಾವಿರಾರು ಕೆರೆಗಳ ಏರಿ ಎದ್ದದ್ದು ಮನುಷ್ಯರ ತಲೆಹೊರೆಯಿಂದ. ಕೆರೆ ಅಗೆಯುವುದು, ಕಲ್ಲು ಒಡೆಯುವುದು ಇವುಗಳನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದವರು ಭೋವಿ ಸಮುದಾಯದವರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮೇಶ್ವರರನ್ನು ಅವರು ಕುಲಗುರುವಾಗಿ ಕಾಣುವುದು ಈ ಕಾರಣದಿಂದಲೇ. ಮಣ್ಣಿನ ಕೆಲಸದಲ್ಲಿ ಇಡೀ ಕುಟುಂಬ ಒಟ್ಟಿಗೆ ದುಡಿಯುತ್ತಿತ್ತು. ಗಂಡಸು ಅಗೆಯುವುದು, ಹೆಂಗಸು ಮಂಕರಿ ಹೊತ್ತು ಏರಿಯ ಮೇಲೆ ಸುರಿಯುವುದು. ಕೂಲಿ ದಿನದ ಲೆಕ್ಕದ್ದಲ್ಲ, ಅಗೆದ ಗುಂಡಿಯ ಅಳತೆಯದು. ಆಳ ಎಷ್ಟಿತ್ತೆಂದು ತಿಳಿಯಲಿ ಎಂದು ಗುಂಡಿಯ ನಡುವೆ ಮಣ್ಣಿನ ಒಂದು ಗುತ್ತಿಯನ್ನು ಅಗೆಯದೆ ಹಾಗೇ ಬಿಡುವ ಪದ್ಧತಿ ಇತ್ತು. ಅಳತೆ ಮುಗಿದ ಮೇಲೆ ಹಣ ಬರುತ್ತಿದ್ದುದು ಗುಂಪಿನ ಯಜಮಾನನ ಕೈಗೆ.

ಗುಂಡಿಯ ಅಳತೆಯಲ್ಲಿ ಅಗೆತ ಕಾಣುತ್ತದೆ, ಹೊತ್ತದ್ದು ಕಾಣುವುದಿಲ್ಲ. ಇಬ್ಬರ ದುಡಿಮೆ ಸೇರಿದರಷ್ಟೇ ಕೆಲಸ ಮುಗಿಯುತ್ತಿದ್ದರೂ ಹೆಣ್ಣಿನ ಕೂಲಿ ಎಂಬ ಪ್ರತ್ಯೇಕ ಲೆಕ್ಕವೇ ಇರಲಿಲ್ಲ.

ಪ್ರತ್ಯೇಕ ಲೆಕ್ಕ ಬಂದಾಗ ಅದು ಕಡಿಮೆಯದಾಗಿ ಬಂತು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮವನ್ನು ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದರು. ಹಸಿದವರಿಗೆ ಅನ್ನ ಕೊಡಲು ಸರ್ಕಾರ ರಸ್ತೆ, ಕೆರೆ, ಕಾಲುವೆಗಳ ಕಾಮಗಾರಿ ತೆರೆಯಿತು. ಅಲ್ಲಿ ಗಂಡಸಿಗೊಂದು ದರ, ಹೆಂಗಸಿಗೊಂದು ದರ, ಮಕ್ಕಳಿಗೊಂದು ದರ. ಮುಂದೆ ಶತಮಾನದ ಕೊನೆಯ ಹೊತ್ತಿಗೆ ಕ್ಷಾಮ ಆಯೋಗಗಳ ಕಡತಗಳಲ್ಲಿ ಕೆಲಸಗಾರರನ್ನು ಅಗೆಯುವವರು, ಹೊರುವವರು ಎಂದು ವಿಂಗಡಿಸಿ ಕೂಲಿ ನಿಗದಿ ಮಾಡುವ ಕ್ರಮ ಕಾಣಿಸಿಕೊಂಡಿತು. ಮನೆಯೊಳಗಿನ ರೂಢಿಯಾಗಿದ್ದದ್ದು ಹೀಗೆ ಸರ್ಕಾರಿ ಕಾಗದದ ಮೇಲೆ ದರಪಟ್ಟಿಯಾಯಿತು.

ನಮ್ಮ ಜನಪದದಲ್ಲೂ ಕೆರೆ ಕಟ್ಟುವ ಹೆಣ್ಣಿಗೆ ಜಾಗವಿಲ್ಲ. ಕೆರೆಗೆ ಆಹುತಿಯಾಗುವ ಹೆಣ್ಣಿಗೆ ಮಾತ್ರ ಜಾಗವಿದೆ. ‘ಕೆರೆಗೆ ಹಾರ’ ಕಥನಗೀತೆಯ ಕಿರಿಯ ಸೊಸೆ ಭಾಗೀರಥಿಯನ್ನು ಕನ್ನಡಿಗರೆಲ್ಲ ಬಲ್ಲರು. ಆ ಏರಿಗೆ ಮಣ್ಣು ಹೊತ್ತವರ ಹೆಸರು ಯಾರಿಗೂ ಗೊತ್ತಿಲ್ಲ.

ತಾರಸಿ ಬಡಿದ ಕೈಗಳು

ಸಿಮೆಂಟು ನಮ್ಮಲ್ಲಿ ಇತ್ತೀಚಿನದು. ಪೋರಬಂದರಿನ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾದದ್ದು 1914ರಲ್ಲಿ. ಅದಕ್ಕೆ ಮುಂಚೆ, ನಂತರವೂ ಎಷ್ಟೋ ಕಾಲ, ಕಟ್ಟಡಗಳು ನಿಂತದ್ದು ಸುಣ್ಣದ ಗಾರೆಯ ಮೇಲೆ. ಕೃಷ್ಣರಾಜಸಾಗರದ ಕಟ್ಟೆಯನ್ನೇ ಸುಣ್ಣ ಮತ್ತು ಇಟ್ಟಿಗೆಪುಡಿ ಬೆರೆತ ಸುರ್ಕಿ ಗಾರೆಯಲ್ಲಿ ಕಟ್ಟಿದರು.

ಆ ಕಾಲದ ಮನೆಗಳಿಗೆ ‘ಮದರಾಸು ತಾರಸಿ’ ಎಂಬ ಛಾವಣಿ ಹಾಕುತ್ತಿದ್ದರು. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆ ಹರಡಿ, ಮರದ ಬಡಿಗೆಯಿಂದ ಬಡಿಯುವುದು. ಹೆಂಗಸರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು, ಹಾಡಿನ ಲಯಕ್ಕೆ ತಕ್ಕಂತೆ ದಿನಗಟ್ಟಲೆ ಬಡಿಯುತ್ತಿದ್ದರು. ನಡುನಡುವೆ ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಬಡಿತ ಸಾಲದಿದ್ದರೆ ಗಾರೆಯೊಳಗೆ ಗಾಳಿ ಉಳಿದು ಮಳೆಗಾಲದಲ್ಲಿ ಛಾವಣಿ ಸೋರುತ್ತದೆ. ಸುಣ್ಣ ಬಿಗಿದ ಮೇಲೂ ಬಡಿದರೆ ಬಿರುಕು ಬಿಡುತ್ತದೆ. ಎಲ್ಲಿಗೆ ನಿಲ್ಲಿಸಬೇಕು ಎಂಬುದು ಕೈಗೆ, ಕಿವಿಗೆ ಗೊತ್ತಾಗಬೇಕಾದ ವಿದ್ಯೆ.

ಈ ವಿದ್ಯೆಗೆ ಯಾರೂ ಮೇಸ್ತ್ರಿಯ ಕೂಲಿ ಕೊಡಲಿಲ್ಲ. ಕಬ್ಬಿಣದ ಸರಳು ಮತ್ತು ಸಿಮೆಂಟಿನ ಕಾಂಕ್ರೀಟು ಬಂದಾಗ ತಾರಸಿ ಬಡಿಯುವ ಕೆಲಸವೂ ಅದರ ಹಾಡೂ ಒಟ್ಟಿಗೆ ಮರೆಯಾದವು. ಹೊಸ ಪದ್ಧತಿ ಹುಟ್ಟಿಸಿದ ಕಸುಬುಗಳು ಸರಳು ಬಾಗಿಸುವುದು, ಸೆಂಟ್ರಿಂಗ್, ವೈರಿಂಗ್, ಕೊಳಾಯಿ. ಅವೆಲ್ಲ ಗಂಡಸರ ಪಾಲಾದವು. ಹೆಂಗಸರಿಗೆ ಉಳಿದದ್ದು ತಲೆಹೊರೆ.

ಇದಕ್ಕಿಂತ ಹತ್ತಿರದ ಉದಾಹರಣೆಯೂ ಇದೆ. ಹಳ್ಳಿಯ ಮಣ್ಣಿನ ಮನೆಯ ಗೋಡೆಗೆ ಮಣ್ಣು ಮೆತ್ತಿ, ಬೋಳು ಅಂಗೈಯಿಂದ ಸಮ ಮಾಡಿ ಸಾರಿಸುವವರು ಯಾರು? ಮನೆಯ ಹೆಂಗಸರು. ಅದೇ ಗೋಡೆ ಸಿಮೆಂಟಿನದಾಗಿ, ಅದೇ ಕೆಲಸಕ್ಕೆ ಕೂಲಿ ಬಂದ ಕೂಡಲೇ ಅದು ‘ಪ್ಲಾಸ್ಟರಿಂಗ್’ ಆಗುತ್ತದೆ. ಹೆಂಗಸಿಗೆ ಬಾರದ ಕೆಲಸವಾಗುತ್ತದೆ. ಕೆನ್ಯಾ ಮತ್ತು ಟಾಂಜಾನಿಯಾದ ಮಾಸಾಯಿ ಜನರಲ್ಲಿ ಕಡ್ಡಿ, ಮಣ್ಣು, ಸಗಣಿಯಿಂದ ಮನೆ ಕಟ್ಟುವುದೇ ಹೆಂಗಸರ ಕೆಲಸ. ಆದರೆ ಆಫ್ರಿಕಾದ ಬಹುತೇಕ ನಗರಗಳಲ್ಲಿ ಕೂಲಿಯ ಕಟ್ಟಡ ಕೆಲಸ ಹೆಚ್ಚುಕಡಿಮೆ ಗಂಡಸರದೇ. ಮನೆಗಾಗಿ ಮಾಡಿದರೆ ಹೆಣ್ಣಿನದು, ಹಣಕ್ಕಾಗಿ ಮಾಡಿದರೆ ಗಂಡಿನದು. ಈ ಸೂತ್ರ ಸಮುದ್ರ ದಾಟಿದರೂ ಬದಲಾಗಿಲ್ಲ.

ಕೆಂಪು ರುಮಾಲಿನವರು

ಹೆಣ್ಣಿನ ಮೈಕಟ್ಟಿಗೆ ಈ ಕೆಲಸ ಹೊಂದುವುದಿಲ್ಲ ಎನ್ನುವವರು ಸಿಂಗಪುರದ ಕಥೆಯನ್ನು ಕೇಳಬೇಕು. 1933ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನೊಂದು ಚೀನಾದಿಂದ ವಲಸೆ ಬರುವ ಗಂಡಸರ ಸಂಖ್ಯೆಗೆ ಮಿತಿ ಹಾಕಿತು. ಹೆಂಗಸರಿಗೆ 1938ರವರೆಗೆ ಆ ಮಿತಿ ಇರಲಿಲ್ಲ. ಈ ಕಿಂಡಿಯಿಂದ ಬಂದವರಲ್ಲಿ ಗ್ವಾಂಗ್‌ಡಾಂಗ್ ಪ್ರಾಂತದ ಸಂಸುಯಿ ಎಂಬ ಸೀಮೆಯ ಸಾವಿರಾರು ಹೆಂಗಸರಿದ್ದರು. ತಲೆಗೆ ಗಟ್ಟಿಯಾಗಿ ಮಡಿಸಿದ ಕೆಂಪು ರುಮಾಲು, ಕಪ್ಪು ನೀಲಿ ಬಣ್ಣದ ದಿರಿಸು, ಕಾಲಿಗೆ ಟಯರಿನ ಚಪ್ಪಲಿ. ಪಾಯ ತೋಡುವುದು, ಇಟ್ಟಿಗೆ, ಮಣ್ಣು ಹೊರುವುದು ಅವರ ಕೆಲಸ. ಅನೇಕರು ಮದುವೆಯ ಗೊಡವೆಗೇ ಹೋಗದೆ, ಒಂದೊಂದು ಕೋಣೆಯಲ್ಲಿ ಹಲವರು ಬಾಳಿ, ಉಳಿಸಿದ ಹಣವನ್ನು ಊರಿಗೆ ಕಳಿಸಿದರು. ಇಂದು ಸಿಂಗಪುರ ತನ್ನನ್ನು ಕಟ್ಟಿದವರ ಸಾಲಿನಲ್ಲಿ ಅವರನ್ನು ಹೆಮ್ಮೆಯಿಂದ ನೆನೆಯುತ್ತದೆ.

ಒಂದು ಕಾನೂನು ಗಂಡಸರನ್ನು ತಡೆದ ಕೂಡಲೇ ‘ಗಂಡಸರ ಕೆಲಸ’ ಹೆಂಗಸರದಾಯಿತು. ಆದರೂ ಅವರು ಹೆಚ್ಚಾಗಿ ಹೊರುವವರಾಗಿಯೇ ಉಳಿದರು ಎಂಬುದು ಅಷ್ಟೇ ಗಮನಾರ್ಹ.

ತೂಕದ ಲೆಕ್ಕ

ಹಾಗಾದರೆ ‘ಹಗುರ ಕೆಲಸ’ ಎಷ್ಟು ಹಗುರ? ಒಂದು ಸಣ್ಣ ಲೆಕ್ಕ ಮಾಡೋಣ. ಸಾವಿರ ಚದರಡಿಯ ಒಂದು ತಾರಸಿ, ದಪ್ಪ ಐದು ಇಂಚು ಎಂದಿಟ್ಟುಕೊಳ್ಳಿ. ಅದಕ್ಕೆ ಸುಮಾರು 12 ಘನ ಮೀಟರ್ ಕಾಂಕ್ರೀಟು ಬೇಕು. ಅದರ ತೂಕ ಸುಮಾರು 28 ಟನ್. ಬಾಂಡ್ಲಿಗೆ 15 ಕಿಲೋದಂತೆ ಹೊತ್ತರೂ 1,800ಕ್ಕೂ ಹೆಚ್ಚು ಬಾಂಡ್ಲಿಗಳು ಏಣಿ ಹತ್ತಬೇಕು ಅಥವಾ ಕೈಯಿಂದ ಕೈಗೆ ಸಾಗಬೇಕು. ಕಾಂಕ್ರೀಟು ಬಿಗಿಯುವ ಮುನ್ನ, ಒಂದೇ ದಿನದಲ್ಲಿ ಇದು ಮುಗಿಯಬೇಕು. ಗೋಡೆಗೆ ಬಳಸುವ ಆರು ಇಂಚಿನ ಘನ ಕಾಂಕ್ರೀಟ್ ಬ್ಲಾಕು 25 ಕಿಲೋದ ಆಸುಪಾಸು ತೂಗುತ್ತದೆ. ಮೇಸ್ತ್ರಿಯ ಕೈಯಲ್ಲಿರುವ ಕರಣೆ ಒಂದು ಕಿಲೋ ಕೂಡ ಇಲ್ಲ.

ಕೂಲಿ ನಿಗದಿಯಾಗುವುದು ಶ್ರಮಕ್ಕಲ್ಲ, ಕೌಶಲಕ್ಕೆ ಎಂಬ ಉತ್ತರ ಬರಬಹುದು. ಸರಿ. ಆದರೆ ಕೌಶಲ ಕಲಿಯುವ ಬಾಗಿಲು ಯಾರಿಗೆ ತೆರೆದಿದೆ ಎಂಬುದು ಮುಂದಿನ ಪ್ರಶ್ನೆ.

ಗಾರೆ ಕೆಲಸಕ್ಕೆ ನಮ್ಮಲ್ಲಿ ಶಾಲೆಯಲ್ಲಿ ಕಲಿತು ಬಂದವರು ವಿರಳ. ಹುಡುಗನೊಬ್ಬ ಮಾವನ ಜೊತೆಗೋ ಅಣ್ಣನ ಜೊತೆಗೋ ಕೈಯಾಳಾಗಿ ಬರುತ್ತಾನೆ. ಊಟದ ಬಿಡುವಿನಲ್ಲಿ ಕರಣೆ ಹಿಡಿದು ನಾಲ್ಕು ಇಟ್ಟಿಗೆ ಇಟ್ಟು ನೋಡುತ್ತಾನೆ. ಸೊಟ್ಟಗಾದರೆ ಬೈಗುಳ ತಿಂದು ಕಿತ್ತು ಮತ್ತೆ ಇಡುತ್ತಾನೆ. ನಾಲ್ಕಾರು ವರ್ಷಗಳಲ್ಲಿ ಅವನೇ ಮೇಸ್ತ್ರಿ. ಆಮೇಲೆ ಸಣ್ಣಪುಟ್ಟ ಕಂತ್ರಾಟು ಹಿಡಿಯುವುದೂ ಉಂಟು. ಹೆಂಗಸು ಅದೇ ಗೋಡೆಯ ಬುಡದಲ್ಲಿ ಇಪ್ಪತ್ತು ವರ್ಷ ನಿಂತರೂ ಹೆಣ್ಣಾಳೇ. ಒಂದಕ್ಕೆ ಆರರಂತೆ ಸಿಮೆಂಟು, ಮರಳು ಬೆರೆಸುವಾಗ ನೀರು ಎಷ್ಟು ಬೇಕೆಂಬುದು ಅವಳ ಕಣ್ಣಳತೆಗೆ ಗೊತ್ತು. ಗೋಡೆ ಗುಂಡಿಗೆ ಸರಿಯಾಗಿ ನಿಂತಿದೆಯೇ ಎಂಬುದೂ ಗೊತ್ತು. ಆದರೆ ಬಿಡುವಿನಲ್ಲಿ ಅವಳು ಕೂಸಿಗೆ ಹಾಲು ಕುಡಿಸಬೇಕು. ಕಲಿಸುವವನು ಪರಪುರುಷನಾದರೆ ನಾಲ್ಕು ಜನರ ಮಾತು ಕೇಳಬೇಕು. ಹೆಚ್ಚಿನ ವೇಳೆ ಮೇಸ್ತ್ರಿ ಅವಳ ಗಂಡನೇ ಆಗಿರುತ್ತಾನೆ. ಮನೆಯಲ್ಲಿ ಇರುವ ಯಜಮಾನಿಕೆ ಕೆಲಸದ ಜಾಗಕ್ಕೂ ಬರುತ್ತದೆ.

ಇದರ ಹಿಂದೆ ಹಳೆಯ ನಿಷೇಧಗಳ ನೆರಳೂ ಇದೆ. ಹೆಣ್ಣು ನೇಗಿಲು ಹಿಡಿದರೆ ಮಳೆ ಬಾರದು ಎಂಬ ನಂಬಿಕೆ ನಮ್ಮ ಹೊಲಗಳಲ್ಲಿತ್ತು. ಕುಂಬಾರರ ಮನೆಯಲ್ಲಿ ಮಣ್ಣು ತುಳಿದು ಹದ ಮಾಡುವ ಹೆಂಗಸು ತಿಗರಿ ತಿರುಗಿಸುವಂತಿರಲಿಲ್ಲ. ನೇಗಿಲು, ತಿಗರಿ, ಕರಣೆ ಮೂರಕ್ಕೂ ಒಂದೇ ನ್ಯಾಯ. ಯಾವ ಉಪಕರಣ ಕೈಗೆ ಬಂದರೆ ಕಸುಬಿನ ಒಡೆತನ ಬರುತ್ತದೆಯೋ ಅದನ್ನು ಮಾತ್ರ ಮುಟ್ಟಬಾರದು.

ಏಳು ರೂಪಾಯಿಯ ಪ್ರಕರಣ

ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ ಒಪ್ಪಂದಕ್ಕೆ ಭಾರತ 1958ರಲ್ಲೇ ಸಮ್ಮತಿ ನೀಡಿತ್ತು. ಕಾನೂನು ಬರಲು 1976ರವರೆಗೆ ಕಾಯಬೇಕಾಯಿತು. ಆ ವರ್ಷದ ಸಮಾನ ವೇತನ ಕಾಯ್ದೆ, ಒಂದೇ ಬಗೆಯ ಅಥವಾ ಸರಿಸುಮಾರು ಅದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದು ವಿಧಿಸಿತು.

ಕಾಗದದ ಮೇಲಿನ ಈ ಮಾತಿಗೂ ನೆಲದ ಮೇಲಿನ ಸ್ಥಿತಿಗೂ ಇದ್ದ ಅಂತರ ಬಯಲಾದದ್ದು 1982ರ ಏಷ್ಯನ್ ಕ್ರೀಡಾಕೂಟದ ಸಿದ್ಧತೆಯ ಸಮಯದಲ್ಲಿ. ದೆಹಲಿಯಲ್ಲಿ ಕ್ರೀಡಾಂಗಣ, ಮೇಲ್ಸೇತುವೆ, ವಸತಿಗೃಹಗಳ ಕೆಲಸ ಹಗಲೂ ರಾತ್ರಿ ಸಾಗಿತ್ತು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಸಮಾಜ ವಿಜ್ಞಾನಿಗಳಿಂದ ಅಲ್ಲಿನ ಸ್ಥಿತಿ ಪರಿಶೀಲಿಸಿ, ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಒಂದು ಪತ್ರ ಬರೆಯಿತು. ಸುಪ್ರೀಂ ಕೋರ್ಟು ಆ ಪತ್ರವನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿತು. ಆಗಿನ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಆಳುಗಳನ್ನು ಕರೆತಂದ ಜಮಾದಾರರು ತಲೆಗೆ ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಹೆಂಗಸರ ಕೈಗೆ ಸಿಗುತ್ತಿದ್ದುದು 7 ರೂಪಾಯಿ ಮಾತ್ರ. ಉಳಿದದ್ದು ಜಮಾದಾರರ ಜೇಬಿಗೆ ಎಂಬುದು ಅರ್ಜಿಯ ಆರೋಪಗಳಲ್ಲೊಂದು.

1982ರ ಸೆಪ್ಟೆಂಬರ್ 18ರ ತೀರ್ಪು ಎರಡು ಕಾರಣಕ್ಕೆ ಹೆಸರಾಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಗೆ ಸಮ ಎಂದು ಅದು ಹೇಳಿತು. ಕಂತ್ರಾಟುದಾರ ಕಾನೂನು ಪಾಲಿಸುವಂತೆ ನೋಡಿಕೊಳ್ಳುವ ಹೊಣೆ ಕೆಲಸ ಮಾಡಿಸಿಕೊಳ್ಳುವ ಸರ್ಕಾರದ್ದೂ ಹೌದು ಎಂದಿತು.

ಆದರೂ ಸಮಾನ ವೇತನ ಕಾಯ್ದೆಗೆ ಕಟ್ಟಡ ಕೆಲಸದಲ್ಲಿ ಒಂದು ಸುಲಭದ ಉಪಾಯ ಸಿಕ್ಕಿತ್ತು. ಕೆಲಸವನ್ನೇ ಬೇರೆ ಮಾಡಿಬಿಟ್ಟರೆ ಕೂಲಿ ಸಮ ಮಾಡುವ ಪ್ರಶ್ನೆಯೇ ಏಳುವುದಿಲ್ಲ. ಗಂಡಾಳು ಸಲಿಕೆಯಿಂದ ಬಾಂಡ್ಲಿ ತುಂಬುತ್ತಾನೆ, ಹೆಣ್ಣಾಳು ಅದನ್ನು ಹೊರುತ್ತಾಳೆ. ಇವು ‘ಬೇರೆ ಬೇರೆ’ ಕೆಲಸಗಳು! ಗ್ರಾಮೀಣ ಉದ್ಯೋಗ ಖಾತರಿಗೆಂದು 2005ರಲ್ಲಿ ಬಂದ ಕಾಯ್ದೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದು ಖಚಿತವಾಗಿ ಹೇಳಿದಾಗ, ಹಳ್ಳಿಯ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಆ ಕೆಲಸಕ್ಕೆ ಬಂದದ್ದು ಸುಮ್ಮನೆ ಅಲ್ಲ.

ಗುಡಾರದೊಳಗಿನ ತೊಟ್ಟಿಲು

ಕಟ್ಟಡ ಕೆಲಸದ ಹೆಂಗಸಿನ ಮತ್ತೊಂದು ಹೊರೆ ಅವಳ ಕೂಸು. 1969ರಲ್ಲಿ ಗಾಂಧಿ ಶತಮಾನೋತ್ಸವಕ್ಕಾಗಿ ದೆಹಲಿಯ ರಾಜಘಾಟ್ ಬಳಿ ನಡೆಯುತ್ತಿದ್ದ ಕಾಮಗಾರಿಯಲ್ಲಿ ಕೂಸುಗಳು ಧೂಳಿನಲ್ಲಿ ಬಿದ್ದಿರುವುದನ್ನು ಮೀರಾ ಮಹಾದೇವನ್ ಕಂಡರು. ಅಲ್ಲೇ ಒಂದು ಗುಡಾರ ಹಾಕಿಸಿ ಶಿಶುವಿಹಾರ ತೆರೆದರು. ‘ಮೊಬೈಲ್ ಕ್ರೆಷಸ್’ ಸಂಸ್ಥೆ ಹುಟ್ಟಿದ್ದು ಹೀಗೆ. ಕಟ್ಟಡ ಮುಗಿದರೆ ಕೂಲಿಗಳು ಮುಂದಿನ ಜಾಗಕ್ಕೆ ಹೋಗುತ್ತಾರೆ. ಶಿಶುವಿಹಾರವೂ ಅವರ ಹಿಂದೆ ಹೋಗಬೇಕು ಎಂಬ ಸರಳ ತಿಳಿವಳಿಕೆ ಅದರ ಹೆಸರಿನಲ್ಲೇ ಇದೆ.

ಅನೇಕ ವರ್ಷಗಳ ಹೋರಾಟದ ಬಳಿಕ 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುವಿಹಾರ ಕಡ್ಡಾಯ ಎಂದು ಅದು ಹೇಳಿತು. ನಿರ್ಮಾಣ ವೆಚ್ಚದ ಶೇಕಡಾ ಒಂದರಷ್ಟನ್ನು ಸೆಸ್ ಆಗಿ ವಸೂಲು ಮಾಡಿ ಕಾರ್ಮಿಕರ ಕ್ಷೇಮಕ್ಕೆ ಬಳಸುವ ವ್ಯವಸ್ಥೆಯೂ ಆಯಿತು. ಕರ್ನಾಟಕದಲ್ಲಿ ಇದರ ನಿಯಮಗಳು ಬಂದದ್ದು 2006ರಲ್ಲಿ. ಹೀಗೆ ಸೇರಿದ ದೊಡ್ಡ ಮೊತ್ತ ಕಾರ್ಮಿಕರಿಗೆ ತಲುಪುತ್ತಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಕಟುವಾಗಿ ಹೇಳಬೇಕಾಯಿತು. ಸಮಾನ ವೇತನ ಕಾಯ್ದೆ, ಕಟ್ಟಡ ಕಾರ್ಮಿಕರ ಕಾಯ್ದೆ ಎರಡೂ ಈಗ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋಗಿವೆ. 2025ರ ನವೆಂಬರ್ 21ರಿಂದ ಅವು ಜಾರಿಯಲ್ಲಿವೆ.

ಹಳೆಯ ಕಾಯ್ದೆಯಡಿ ನೋಂದಣಿಗೆ ವರ್ಷದಲ್ಲಿ ತೊಂಬತ್ತು ದಿನ ಕೆಲಸ ಮಾಡಿದ್ದಕ್ಕೆ ಆಧಾರ ಬೇಕಿತ್ತು. ಇವತ್ತು ಒಂದು ಕಟ್ಟಡ, ನಾಳೆ ಇನ್ನೊಂದು ಎನ್ನುವ ಆಳಿಗೆ ಆಧಾರ ಬರೆದುಕೊಡುವವರು ಯಾರು? ಅದರಲ್ಲೂ ಜೋಡಿಯಾಗಿ ಕೆಲಸಕ್ಕೆ ಬಂದ ಹೆಂಗಸನ್ನು ಮೇಸ್ತ್ರಿಯ ಹೆಂಡತಿ ಎಂದಷ್ಟೇ ಎಲ್ಲರೂ ಗುರುತಿಸುತ್ತಾರೆ. ಕೆರೆಯ ಗುಂಡಿಯ ಅಳತೆಯಲ್ಲಿ ಮರೆಯಾಗಿದ್ದ ಹೆಂಗಸು ಅರ್ಜಿಯ ನಮೂನೆಯಲ್ಲೂ ಮರೆಯಾಗುತ್ತಾಳೆ.

ಹೊರೆಯೂ ಇಲ್ಲ, ಕೂಲಿಯೂ ಇಲ್ಲ

ರಾಯಚೂರು, ಯಾದಗಿರಿ, ಕೊಪ್ಪಳ, ಕಲಬುರಗಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಸಂಸಾರ ಸಮೇತ ಗುಳೆ ಹೊರಟವರಿಗೆ ಬೆಂಗಳೂರಿನ ಕಟ್ಟಡಗಳೇ ದಿಕ್ಕು. ಗಂಡ ಹೆಂಡತಿ ಇಬ್ಬರೂ ದುಡಿದರೆ ಮಾತ್ರ ಊರಿನ ಸಾಲ ತೀರಿಸುವ ಮಾತು. ಆದರೆ ದೊಡ್ಡ ಕಟ್ಟಡಗಳಲ್ಲಿ ಈಗ ಕಾಂಕ್ರೀಟು ಲಾರಿಯಲ್ಲಿ ಸಿದ್ಧವಾಗಿಯೇ ಬಂದು, ಪಂಪಿನ ಕೊಳವೆಯಲ್ಲಿ ಹತ್ತಾರು ಅಂತಸ್ತು ಏರುತ್ತದೆ. ಬಾಂಡ್ಲಿಯ ಸಾಲು ಅಲ್ಲಿ ಬೇಕಿಲ್ಲ. ದೂರದ ರಾಜ್ಯಗಳಿಂದ ಒಂಟಿಯಾಗಿ ಬರುವ ಗಂಡಸರನ್ನು ಶೆಡ್ಡುಗಳಲ್ಲಿ ಇರಿಸಿಕೊಂಡರೆ ಶಿಶುವಿಹಾರದ ತಾಪತ್ರಯವೂ ಇಲ್ಲ. ತಲೆಹೊರೆ ಹೋಗುವುದು ಒಳ್ಳೆಯದೇ, ಯಾರ ಕುತ್ತಿಗೆಯೂ ಅದಕ್ಕಾಗಿ ಹುಟ್ಟಿದ್ದಲ್ಲ. ಆದರೆ ಹೊರೆಯ ಜೊತೆ ಕೂಲಿಯೂ ಹೋಗುತ್ತದೆ. ಬೇರೆ ಕೆಲಸ ಕಲಿಸದೆ ಇದ್ದ ಒಂದು ಕೆಲಸವನ್ನೂ ಯಂತ್ರಕ್ಕೆ ಕೊಟ್ಟರೆ ಅವಳು ಎಲ್ಲಿಗೆ ಹೋಗಬೇಕು? ತಾರಸಿ ಬಡಿಯುವ ಬಡಿಗೆ ಕೈಬಿಟ್ಟಾಗ ಆದದ್ದೇ ಈಗ ಮತ್ತೆ ಆಗುತ್ತಿದೆ.

ಕಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಸ್ವಚ್ಛ ಭಾರತ ಯೋಜನೆಯಲ್ಲಿ ಶೌಚಾಲಯ ಕಟ್ಟಲು ಜಾರ್ಖಂಡದ ಹಳ್ಳಿಗಳಲ್ಲಿ ಗಾರೆ ಕೆಲಸದವರು ಸಾಲದೆ ಹೋದಾಗ ಸ್ವಸಹಾಯ ಗುಂಪುಗಳ ಹೆಂಗಸರಿಗೆ ತರಬೇತಿ ಕೊಟ್ಟರು. ಮೊದಲು ನಕ್ಕ ಊರವರು ಗೋಡೆ ನೇರವಾಗಿ ಎದ್ದಾಗ ಸುಮ್ಮನಾದರು. ಲಾತೇಹಾರ್ ಜಿಲ್ಲೆಯ ಸುನೀತಾ ದೇವಿ ಅವರಿಗೆ 2019ರಲ್ಲಿ ರಾಷ್ಟ್ರಪತಿಗಳು ನಾರಿ ಶಕ್ತಿ ಪುರಸ್ಕಾರ ನೀಡಿದರು. ಹಿಂದಿಯಲ್ಲಿ ಗಾರೆಯವನಿಗೆ ‘ರಾಜ್ ಮಿಸ್ತ್ರಿ’ ಎನ್ನುತ್ತಾರೆ. ಈ ಹೆಂಗಸರಿಗೆ ಜನ ಇಟ್ಟ ಹೆಸರು ‘ರಾಣಿ ಮಿಸ್ತ್ರಿ’.

ಮೇಸ್ತ್ರಿ ಎಂಬ ಪದ ನಮಗೆ ಪೋರ್ಚುಗೀಸರಿಂದ ಬಂದದ್ದು. ಉತ್ತರ ಕರ್ನಾಟಕದಲ್ಲಿ ಗೌಂಡಿ ಎನ್ನುತ್ತಾರೆ. ಎರಡನ್ನೂ ಕೇಳಿದಾಗ ನಮ್ಮ ಕಣ್ಣೆದುರು ನಿಲ್ಲುವುದು ಗಂಡಸೇ. ಅಗಸಗಿತ್ತಿ, ಹೂವಾಡಗಿತ್ತಿ, ಸೂಲಗಿತ್ತಿ ಎಂದು ಹೆಣ್ಣಿನ ಕಸುಬುಗಳಿಗೆ ಅಂದದ ಹೆಸರು ಕಟ್ಟಿದ ಕನ್ನಡ, ಗೋಡೆ ಕಟ್ಟುವ ಹೆಣ್ಣಿಗೆ ಇನ್ನೂ ಹೆಸರಿಟ್ಟಿಲ್ಲ. ನಾಳೆ ಬೆಳಿಗ್ಗೆ ಏಳು ಗಂಟೆಗೂ ಆ ವೃತ್ತದ ಬಳಿ ಸ್ಕೂಟರು ನಿಲ್ಲುತ್ತದೆ, ಅದೇ ಕೂಗು ಕೇಳುತ್ತದೆ. ಸಿಂಬಿ ಸುತ್ತಿಕೊಂಡು ಏಳುವವರಲ್ಲಿ ಎಷ್ಟು ಮಂದಿಗೆ ಗೋಡೆ ಕಟ್ಟುವುದು ಬರುತ್ತದೆ ಎಂದು ಒಂದು ದಿನವಾದರೂ ಯಾರಾದರೂ ಕೇಳಿ ನೋಡಬೇಕು.